ಕತ್ತರಿಗೆ ಸಿಕ್ಕ ಸುದ್ದಿ

ಹೆಂಡತಿ: ಮೂರು ದಿನದಿಂದ ಮಾತ್ರೆ ಹಾಗೇ ಬಿದ್ದಿದೆಯಲ್ಲರೀ! ಅಲಂಕಾರಕ್ಕೆ ಇಟ್ಟಿದ್ದೀರಾ?

ದರ್ಜಿ: ನಾನಿನ್ನು ಬಿಪಿ ಮಾತ್ರೆ ಮುಟ್ಟಲ್ಲ ಕಣೇ. ಹೃದಯಕ್ಕೆ ಅಪಾಯವಂತೆ. ಪೇಪರಲ್ಲೇ ಬಂದಿದೆ.

ದರ್ಜಿ ಕತ್ತರಿಸುವ ಮೇಜಿನಿಂದ ಒಂದು ಹಾಳೆ ಎತ್ತಿ ತೋರಿಸಿದ. ಬಟ್ಟೆಗೆ ಕತ್ತರಿ ಹಾಕುವ ಮೊದಲು ತೋಳು, ಕುತ್ತಿಗೆಯ ಅಳತೆಗೆ ಹಳೆಯ ಪತ್ರಿಕೆ ಕತ್ತರಿಸಿ ಇಟ್ಟುಕೊಳ್ಳುವುದು ಅವನ ರೂಢಿ. ಕತ್ತರಿಸುವ ಮುಂಚೆ ಒಂದಕ್ಷರ ಓದುವವನಲ್ಲ, ಕತ್ತರಿಸಿದ ಮೇಲೆ ಒಂದಕ್ಷರ ಬಿಡುವವನಲ್ಲ. ಹೆಂಡತಿಗೆ ನಗು ಬರಬೇಕಿತ್ತು, ಬರಲಿಲ್ಲ. ಹೋದ ವರ್ಷ ಇದೇ ಮೇಜಿನ ಪಕ್ಕ ಅವನು ತಲೆಸುತ್ತಿ ಬಿದ್ದದ್ದನ್ನು ಅವಳು ಮರೆತಿರಲಿಲ್ಲ.

ಹೆಂಡತಿ: ಹೋದ ವಾರ ಇಂಥದೇ ಒಂದು ತೋಳು ಓದಿ ಕುರ್ಚಿ ಬಿಟ್ರಿ.

ದರ್ಜಿ: ಕೂತು ಕೆಲಸ ಮಾಡೋರಿಗೆ ಸೊಂಟ ಹೋಗುತ್ತೆ ಅಂತಿತ್ತು.

ಹೆಂಡತಿ: ನಿಂತುಕೊಂಡೇ ಮೆಷಿನ್ ತುಳಿದು ಮೊಣಕಾಲು ಹೋಯ್ತು! ಇದನ್ನ ಓದಿ ನೋಡೋಣ.

ದರ್ಜಿ: 'ರಕ್ತದೊತ್ತಡದ ಮಾತ್ರೆ... ಹೃದಯಕ್ಕೆ ಅಪಾಯ.'

ಹೆಂಡತಿ: ನಡುವೆ ಇಷ್ಟು ದೊಡ್ಡ ತೂತಿದೆಯಲ್ಲ?

ದರ್ಜಿ: ಅದು ಕುತ್ತಿಗೆ.

ಹೆಂಡತಿ: ಅಲ್ಲೇನು ಬರೆದಿತ್ತು?

ದರ್ಜಿ: ಕುತ್ತಿಗೇಲಿ ಯಾರಾದ್ರೂ ಮುಖ್ಯವಾದ್ದು ಬರೀತಾರೇನೇ?

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನಡಿ ನುಗ್ಗಿದಳು. ಚಿಂದಿ ಬುಟ್ಟಿ ಬುಡಮೇಲಾಯಿತು. ಕೊನೆಗೊಂದು ಅರೆಚಂದ್ರದ ಚೂರು ಸಿಕ್ಕಿತು. ಅದನ್ನು ತೂತಿಗೆ ಜೋಡಿಸಿ ಓದಿದಳು: 'ವೈದ್ಯರನ್ನು ಕೇಳದೆ ನಿಲ್ಲಿಸಿದರೆ.'



ಹೆಂಡತಿ: ಮೂರು ದಿನ! ನಿಮಗೇನಾದ್ರೂ ಆಗಿದ್ರೆ ನನ್ನ ಗತಿ ಏನ್ರೀ? ಅನುಮಾನ ಬಂದ್ರೆ ಡಾಕ್ಟರನ್ನ ಕೇಳೋಕೇನು ಧಾಡಿ?

ದರ್ಜಿ ತೆಪ್ಪಗೆ ಇವತ್ತಿನ ಮಾತ್ರೆ ನುಂಗಿ ನೀರು ಕುಡಿದ.

ದರ್ಜಿ: ಯಾವ ಮುಖ ಇಟ್ಕೊಂಡು ಹೋಗ್ಲಿ? ಅವರ ಬಿಳಿ ಕೋಟು ಹೊಲಿದು ಕೊಡ್ತೀನಿ ಅಂದು ತಿಂಗಳಾಯ್ತು. ಕ್ಲಿನಿಕ್ ಇರೋ ಬೀದೀಲೇ ನಾನು ಓಡಾಡ್ತಿಲ್ಲ.

ಹೆಂಡತಿ: ಎಲ್ಲಿದೆ ಆ ಕೋಟು?

ದರ್ಜಿ: ನಿನ್ನ ಕೈಯಲ್ಲಿರೋ ಪೇಪರೇ.

ಹೆಂಡತಿ ಫೋನ್ ತೆಗೆದುಕೊಂಡಳು.

ಹೆಂಡತಿ: ಡಾಕ್ಟ್ರೇ, ಇವರು ಮೂರು ದಿನ ಮಾತ್ರೆ ಬಿಟ್ಟಿದ್ರು. ನಾಳೆ ಬೆಳಿಗ್ಗೆ ಬಿಪಿ ತೋರಿಸೋಕೆ ಬರ್ತಾರೆ... ಹೂಂ, ಕೋಟು ತಗೊಂಡೇ ಬರ್ತಾರೆ.

ದರ್ಜಿ: ಅಯ್ಯೋ, ಇನ್ನೂ ಬಟ್ಟೇನೇ ಕತ್ತರಿಸಿಲ್ಲ ಕಣೇ! ನೋಡು, ಈಗ ನಿಜವಾಗ್ಲೂ ಬಿಪಿ ಏರ್ತು!

ಹೆಂಡತಿ: ಏರ್ಲಿ ಬಿಡಿ. ಇಲ್ಲದಿದ್ರೆ ನಾಳೆ ಡಾಕ್ಟ್ರಿಗೆ ತೋರಿಸೋಕೆ ಏನಿರುತ್ತೆ?