ಐದೂವರೆ ಅಡಿಯ ಕೋಚ್

ನಾನು ಚೆಂಡು ಹಿಡಿದ ದಿನದಿಂದ ಒಂದಲ್ಲ ಒಂದು ಫಜೀತಿ ನನ್ನ ಹಿಂದೆ ಬಿದ್ದೇ ಇದೆ. ಈಗೀಗ ಒಂದು ವಾರ ಅದು ಬಾರದಿದ್ದರೆ ನನಗೇ ಗಾಬರಿಯಾಗುತ್ತದೆ.

೧. ಬೆಳಿಗ್ಗೆ ಏನು?

ನಮ್ಮಲ್ಲಿ ಸಂಬಳ ಕೊಟ್ಟು ಬ್ಯಾಸ್ಕೆಟ್‌ಬಾಲ್ ಆಡಿಸುವ ಲೀಗ್ ಶುರುವಾದಾಗ ಮೊದಲ ತಂಡಗಳಲ್ಲಿ ನಾನೂ ಇದ್ದೆ. ಆಗ ಚಿಕ್ಕಲಸಂದ್ರದಲ್ಲಿ ಬಾಡಿಗೆ ಮನೆ ನೋಡಲು ಹೋದೆ.

"ಏನ್ ಕೆಲಸ?" ಎಂದರು ಮನೆಯೊಡತಿ.

"ಬ್ಯಾಸ್ಕೆಟ್‌ಬಾಲ್ ಆಡ್ತೀನಿ ಆಂಟಿ."

"ಅದು ಸಂಜೆ ಆಯ್ತಪ್ಪ. ಬೆಳಿಗ್ಗೆ ಏನ್ ಮಾಡ್ತೀಯ?"

"ಬೆಳಿಗ್ಗೆ ಪ್ರಾಕ್ಟೀಸು."

ಆಂಟಿ ಒಳಗಿದ್ದ ಗಂಡನನ್ನು ಕೂಗಿದರು: "ರೀ, ಹುಡುಗ ಒಳ್ಳೆಯವನ ಥರ ಕಾಣ್ತಾನೆ. ಎಲ್ಲಾದ್ರೂ ಕೆಲಸ ಇದ್ರೆ ಹೇಳಿ, ಪಾಪ."

೨. ಅಳತೆ ಟೇಪು

ಆ ಲೀಗ್ ಬೇಗನೆ ಮಲಗಿತು, ನಾನು ಕೋಚ್ ಆದೆ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಯಜಮಾನರೊಬ್ಬರು ಪದ್ಮನಾಭನಗರದ ತಮ್ಮ ಖಾಲಿ ಜಾಗವನ್ನು ಕೋರ್ಟಿಗೆ ಕೊಟ್ಟರು. ಮಕ್ಕಳೂ ಬಂದರು. ಆದರೆ ಅಪ್ಪ ಅಮ್ಮಂದಿರಿಗೆ ಬೇಕಾಗಿದ್ದದ್ದು ಆಟವಲ್ಲ, ಎತ್ತರ. ತಿಂಗಳಾದರೂ ಮಗಳು ಬೆಳೆದೇ ಇಲ್ಲವೆಂದು ಒಬ್ಬ ತಾಯಿ ಟೇಪು ಹಿಡಿದು ಬಂದರು.

"ಮೇಡಂ, ಈಗ ಎಡಗೈಲೂ ಡ್ರಿಬಲ್ ಮಾಡ್ತಾಳೆ," ಎಂದೆ.

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಾನಿರುವುದೇ ಐದೂವರೆ ಅಡಿ, ಬಹಳ ಹೊತ್ತು ಹಿಡಿಯಲಿಲ್ಲ.

"ಇಷ್ಟು ವರ್ಷ ಆಡಿ ನೀವೇ ಬೆಳೆದಿಲ್ವಲ್ಲ ಸಾರ್!"

ಮಾರನೆಯ ದಿನ ಮಗಳು ಈಜಿಗೆ ಹೋದಳು. ಅವಳ ಹಿಂದೆಯೇ ಇನ್ನೂ ಆರು ಮಕ್ಕಳು.

೩. ಹೆಡ್ ಕೋಚ್

ಉಳಿದದ್ದು ಎಂಟು. "ತಿಂಗಳೊಳಗೆ ಹದಿನೈದು ಮಕ್ಕಳಾಗ್ಲಿಲ್ಲ ಅಂದ್ರೆ ಜಾಗ ಕಾರ್ ಪಾರ್ಕಿಂಗ್‌ಗೆ ಕೊಟ್ಬಿಡ್ತೀನಿ ಕಣಪ್ಪ," ಎಂದರು ಯಜಮಾನರು. ನನಗೆ ಅಳುವೇ ಬಂತು. ಚೆಂಡು ಬಿಟ್ಟರೆ ನನಗೆ ಬೇರೇನೂ ಬಾರದು.

ತಲೆ ಎಣಿಸಲು ಅವರು ದಿನಾ ಸಂಜೆ ಗೇಟಿನ ಬಳಿ ಕುರ್ಚಿ ಹಾಕಿ ಕೂರತೊಡಗಿದರು. ಒಂದು ದಿನ ಮಗನ ಜೊತೆ ಬಂದ ದಂಪತಿಗೆ ದಾರಿ ಬಿಡಲು ಎದ್ದು ನಿಂತರು. ಆರೂಕಾಲು ಅಡಿ ಆಳು!

"ನಮಸ್ಕಾರ ಕೋಚ್ ಸಾರ್!" ಗಂಡ ಹೆಂಡತಿ ಇಬ್ಬರೂ ಕೈಮುಗಿದರು.

ಯಜಮಾನರು ಕರಗಿಹೋದರು. "ಹುಡುಗನ್ನ ನನ್ ಕೈಗೆ ಬಿಡಿ," ಎಂದೇಬಿಟ್ಟರು.

ಮಾರನೆಯ ದಿನ ನನ್ನ ಸೀಟಿ ಅವರ ಕೊರಳಲ್ಲಿತ್ತು. ಚೆಂಡು ಬಂದರೆ ಕಾಲಲ್ಲಿ ಒದೆಯುತ್ತಿದ್ದರು, ಯಾರೂ ತಪ್ಪು ತಿಳಿಯಲಿಲ್ಲ. ತಿಂಗಳ ಕೊನೆಯ ಸಂಜೆಗೆ ಹದಿನಾಲ್ಕು ಮಕ್ಕಳು. "ಒಂದು ಕಮ್ಮಿ ಅಂದ್ರೂ ಕಮ್ಮಿನೇ," ಎಂದರು ಯಜಮಾನರು.

ಕತ್ತಲಾಗುವ ಮುಂಚೆ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆತಂದರು. ನಾನು ಓಡಿಹೋಗಿ ಫಾರ್ಮ್ ಕೊಟ್ಟೆ. ಅಜ್ಜಿ ಸಹಿ ಹಾಕಿ, ಯಜಮಾನರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ನನ್ನ ಬೆನ್ನು ಸವರಿದರು.

"ನೀನೂ ಚಿಕ್ಕೋನಿದ್ದಾಗ್ಲೇ ಇವರ ಹತ್ರ ಸೇರ್ಬೇಕಿತ್ತು ಕಣಪ್ಪ."

ಯಜಮಾನರು ಬಾಯಿಂದ ಸೀಟಿ ತೆಗೆದರು. "ಈಗ್ಲೂ ಏನ್ ಲೇಟಾಗಿಲ್ಲ ಬಿಡಿ ತಾಯಿ. ನಾನ್ ನೋಡ್ಕೋತೀನಿ."