ಹಿತ್ತಲಲ್ಲಿ ಹೂತ ತಂಪು

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನನ್ನ ಯಜಮಾನರ ಕೈಯಲ್ಲಿ ಫೋನು, ಫೋನಿನಲ್ಲಿ ವೀಡಿಯೊ ಇರುವವರೆಗೂ ಆಗುತ್ತಲೇ ಇರುತ್ತವೆ ಅಂತ ನಾನು ಒಪ್ಪಿಕೊಂಡುಬಿಟ್ಟಿದ್ದೇನೆ. ಆಫೀಸು ಮುಗಿಸಿ ಬೀಚ್ ಸ್ಟೇಷನ್ನಿನಿಂದ ಮಾಂಬಲಂವರೆಗೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಬಂದವಳಿಗೆ ಜಗಳವಾಡುವ ಶಕ್ತಿಯಾದರೂ ಎಲ್ಲಿಂದ ಬರಬೇಕು?

ಈ ಸಲದ ಕಾರಣ ನಮ್ಮ ಅತ್ತೆ. ಅವರಿಗೆ ಏಸಿ ಆಗಿಬರುವುದಿಲ್ಲ, ಮೊಣಕಾಲು ಹಿಡಿದುಕೊಳ್ಳುತ್ತದೆ. ಏಸಿ ಇಲ್ಲದೆ ಮದರಾಸಿನವರು ಕತ್ತರಿ ಅಂತ ಕರೆಯುವ ನಡುಬೇಸಿಗೆಯ ಬಿಸಿಲು ತಡೆಯಲಾಗುವುದಿಲ್ಲ. ಹಾಗಾಗಿ ಪ್ರತಿ ಮೇ ತಿಂಗಳು ಮೈಸೂರಿನ ಮಗಳ ಮನೆಗೆ ಹೊರಟುಬಿಡುತ್ತಾರೆ. ಆಮೇಲೆ ನಮ್ಮ ಯಜಮಾನರ ಸಪ್ಪೆ ಮುಖ ನೋಡಿಕೊಂಡಿರಬೇಕಾದವಳು ನಾನು. "ಈ ವರ್ಷ ಅಮ್ಮನ್ನ ಕಳಿಸಲ್ಲ" ಅಂದರು. ನೆಲದಡಿ ಸದಾ ತಂಪಂತೆ. ಅಲ್ಲಿ ಪೈಪು ಹೂತು, ಫ್ಯಾನಿನಿಂದ ಗಾಳಿ ಎಳೆದರೆ ರೂಮು ತಣ್ಣಗಾಗುತ್ತದಂತೆ. ವೀಡಿಯೊದವನು ಹೇಳಿದ್ದ.

ನೀರು

ನಮ್ಮ ಊರಿನಲ್ಲಿ ಯಾರೇ ನೆಲ ಅಗೆದರೂ ಅದು ನೀರಿಗೇ. ಇವರು ಹಿತ್ತಲಲ್ಲಿ ಗುದ್ದಲಿ ಹಿಡಿದದ್ದೇ ತಡ, ಬೀದಿಯವರೆಲ್ಲ ಗೋಡೆಯ ಮೇಲಿಂದ ಇಣುಕಿ "ತಣ್ಣಿ ವಂದುಚ್ಚಾ?", ನೀರು ಬಂತಾ, ಅಂತ ವಿಚಾರಿಸತೊಡಗಿದರು. "ನೀರು ಬೇಡ ಸಾರ್, ಗಾಳಿ ಬೇಕು" ಅಂತ ಇವರು ಹೇಳಿದರೆ, ಪಾಪ, ಬಿಸಿಲಿಗೆ ಹೀಗಾಗಿದೆ ಅಂತ ನನ್ನ ಕಡೆ ನೋಡುತ್ತಿದ್ದರು.

ಎದುರು ಮನೆಯ ತಾತ ನೀರಿನ ಸೆಲೆ ಹುಡುಕಲು ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು, ಯಾರೂ ಕರೆಯದೆ ಬಂದು, ಹಿತ್ತಲೆಲ್ಲ ಸುತ್ತಿದರು. ಒಂದು ಕಡೆ ಕಾಯಿ ಎದ್ದು ನಿಂತಿತು. ನೀರೇ ಬೇಡದ ಇವರು ಕೈಮುಗಿದು, ಆ ಜಾಗ ಬಿಟ್ಟು ದೂರದ ಮೂಲೆಯಲ್ಲಿ ಅಗೆದರು. ನೀರು ಅಲ್ಲೇ ಬಂತು.

ಇವರು ಗುಂಡಿಯ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತರು. ಬೀದಿಯವರು ಸಂತೋಷದಿಂದ ಕೈ ಕುಲುಕಿ ಹೋದರು. ತಾತ ಮಾತ್ರ ಸಂಕೋಚದಿಂದ ಹೇಳಿದರು: "ಕಾಯಿ ಸ್ವಲ್ಪ ಹಳೇದು."

ಏಕಾದಶಿ

ಕೊನೆಗೆ ನೀರು ತಾಗದಷ್ಟು ಮೇಲೆಯೇ ಪೈಪು ಹೂತರು. ಅಷ್ಟು ಮೇಲೆ ನೆಲ ತಂಪಾಗಿರುತ್ತದೆಯೇ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ವೀಡಿಯೊ ನೋಡಬೇಕಾಗುತ್ತಿತ್ತು. ಪೈಪಿನ ಒಂದು ಬಾಯಿ ಕಾಂಪೌಂಡಿನ ಹತ್ತಿರ, ಪಕ್ಕದ ಮನೆ ಮಾಮಿಯ ಅಡುಗೆಮನೆ ಕಿಟಕಿಯ ಕೆಳಗೆ. ಇನ್ನೊಂದು ಬಾಯಿ ಅತ್ತೆಯ ಮಂಚದ ತಲೆಗಡೆ.

ಕೆಲಸ ಮುಗಿದದ್ದು ಏಕಾದಶಿಯ ದಿನ. ಅತ್ತೆಗೆ ನೀರೂ ಮುಟ್ಟದ ಉಪವಾಸ. ಇವರು ಫ್ಯಾನು ಹಾಕಿದರು. ಮೊದಲು ಮಣ್ಣಿನ ವಾಸನೆ ಬಂತು. ಹಿಂದೆಯೇ ಮಾಮಿಯ ಮನೆಯ ಸಣ್ಣ ಈರುಳ್ಳಿ ಸಾಂಬಾರು ಘಮ್ಮಂತ ಮುಖಕ್ಕೆ ಹೊಡೆಯಿತು. ನಮ್ಮದು ಈರುಳ್ಳಿಯನ್ನು ಹೊಸ್ತಿಲು ದಾಟಿಸದ ವೈಷ್ಣವರ ಮನೆ.

"ಅಡ ಪಾವಿ, ನನ್ನ ಉಪವಾಸ ಮೂಗಿಂದ ಮುರಿದೆಯಲ್ಲೋ!" ಅಂತ ಅತ್ತೆ ಕೂಗಿಕೊಂಡರು. ಕೂಡಲೇ ಮಠದ ಆಚಾರ್ಯರಿಗೆ ಫೋನು ಹೋಯಿತು. ಅವರು ಯೋಚಿಸಿ ಹೇಳಿದರು: "ವಾಸನೆ ತಾನಾಗಿ ಬಂದ್ರೆ ದೋಷ ಇಲ್ಲಮ್ಮ. ಚೆನ್ನಾಗಿದೆ ಅನ್ನಿಸಿದ್ರೆ ಮಾತ್ರ ದೋಷ."

ಅತ್ತೆ ದನಿ ತಗ್ಗಿಸಿ ಕೇಳಿದರು: "ಹಾಗಾದ್ರೆ ಪ್ರಾಯಶ್ಚಿತ್ತ ಏನು?"

ಕತ್ತರಿ ಬಿಸಿಲು

ಕತ್ತರಿ ಶುರುವಾಯಿತು. ರೂಮು ತಣ್ಣಗಾಗಲಿಲ್ಲ. ಇವರು ಗೋಡೆಗೆ ಥರ್ಮಾಮೀಟರು ತೂಗುಹಾಕಿ, ಅದರ ಎದುರೇ ನಿಂತು ಬೆವರುತ್ತಿದ್ದರು. ಅತ್ತೆ ಅಟ್ಟದಿಂದ ಸೂಟ್‌ಕೇಸು ಇಳಿಸಲು ಹೇಳಿದರು. ಮೈಸೂರಿಗೆ ಟಿಕೆಟ್ಟಾಯಿತು. ಇವರು ಸೂಟ್‌ಕೇಸಿನ ಧೂಳು ಒರೆಸುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಆ ನಿಶ್ಶಬ್ದದಲ್ಲಿ ಪೈಪಿನೊಳಗಿಂದ ಮಾಮಿಯ ದನಿ ಎದುರಿಗೇ ಕೂತಷ್ಟು ಸ್ಪಷ್ಟವಾಗಿ ಕೇಳಿಸಿತಂತೆ. ಅವರು ಕಿಟಕಿಯ ಹತ್ತಿರ ನಿಂತು ತಮ್ಮ ಸೊಸೆಯನ್ನು ಬೈಯುತ್ತಿದ್ದರು. ಅತ್ತೆ ಪೈಪಿಗೆ ಬಾಯಿಟ್ಟು, ನಿಮ್ಮ ಮನೆಯಲ್ಲೂ ಹೀಗೇನಾ ಅಂತ ತಮಿಳಿನಲ್ಲಿ ಕೇಳಿದರಂತೆ. ಎಷ್ಟೋ ವರ್ಷದಿಂದ ಅಕ್ಕಪಕ್ಕದ ಮನೆ. ಆದರೆ ಇಬ್ಬರಿಗೂ ಮೊಣಕಾಲು ನೋವು, ಮೆಟ್ಟಿಲಿಳಿದು ಹೋಗಿ ಕೂತು ಮಾತಾಡಿದ್ದೇ ಇಲ್ಲ.

ಮರುದಿನ ನಾನು ಆಫೀಸಿನಿಂದ ಬಂದಾಗ ಸೂಟ್‌ಕೇಸು ಅಟ್ಟ ಸೇರಿತ್ತು. ಟಿಕೆಟ್ಟು ಕ್ಯಾನ್ಸಲ್. ಇವರ ಮುಖ ಊರಗಲ ಅರಳಿತ್ತು.

"ನೋಡಿದ್ಯಾ? ಅಮ್ಮ ಎಲ್ಲೂ ಹೋಗಲ್ವಂತೆ. ರೂಮು ಬಿಟ್ಟು ಏಳ್ತಾನೇ ಇಲ್ಲ. ತಂಪು ಹಿಡಿಸಿಬಿಟ್ಟಿದೆ!"

ಚಪ್ಪಲಿ ಬಿಟ್ಟು ರೂಮಿಗೆ ಹೋದೆ. ಕರೆಂಟಿತ್ತು, ಆದರೆ ಪೈಪಿನ ಫ್ಯಾನೂ ಆಫ್, ಸೀಲಿಂಗ್ ಫ್ಯಾನೂ ಆಫ್. ಅತ್ತೆ ಬೆವರಿ ತೊಪ್ಪೆಯಾಗಿ, ಬೀಸಣಿಗೆ ಬೀಸಿಕೊಳ್ಳುತ್ತ, ಪೈಪಿಗೆ ಕಿವಿಯಿಟ್ಟು ಕೂತಿದ್ದರು. ನಾನು ಸ್ವಿಚ್ಚಿಗೆ ಕೈ ಹಾಕಿದೆ.

"ಹಾಕ್ಬೇಡ್ವೇ! ಆ ಸದ್ದಿನಲ್ಲಿ ಮಾತು ಕೇಳ್ಸಲ್ಲ" ಅಂದರು. ಆಮೇಲೆ ಪೈಪಿನ ಕಡೆ ಬಾಗಿ ತಮಿಳಿನಲ್ಲಿ ಪಿಸುಗುಟ್ಟಿದರು: "ಇರಿ ಮಾಮಿ, ಹೇಳ್ತಿದ್ದೆನಲ್ಲ, ಅವಳೇ ಬಂದುಬಿಟ್ಟಳು."