ಮೈಲುತುತ್ತಿನೊಳಗಿನ ನೀರು

"ಸಾರ್, ಇದರಾಗೆ ನೀರೈತೆ ಅಂತೀರಿ. ಮುಟ್ಟಿದ್ರೆ ಒಣಗೈತಲ್ರಿ?" ಎಂದು ಒಂಬತ್ತನೇ ತರಗತಿಯ ಶಾಂತಕುಮಾರಿ ಕೇಳದೇ ಇದ್ದಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ.

ವಾಮದೇವಪ್ಪ ದಾವಣಗೆರೆಯ ಆ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದು ಎರಡು ವರ್ಷವಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಪಂಕ್ತಿಯಲ್ಲಿ ಹೋಳಿಗೆ ಬರುವುದನ್ನು ಕಂಡವರಂತೆ ಅವರ ಮುಖ ಅರಳುತ್ತಿತ್ತು. ಬಾಟಲಿಯಲ್ಲಿದ್ದ ಮೈಲುತುತ್ತಿನ ನೀಲಿ ಹರಳನ್ನೆಲ್ಲ ತೂಗಿದರು. ಸರಿಯಾಗಿ ನೂರು ಗ್ರಾಂ. ಪಿಂಗಾಣಿ ಬಟ್ಟಲಲ್ಲಿಟ್ಟು ಕಾಯಿಸಿದರು. ಹಬೆ ಎದ್ದಿತು, ನೀಲಿ ಮೆಲ್ಲಗೆ ಬಿಳಿಚಿಕೊಂಡಿತು. ಆರಿದ ಮೇಲೆ ತೂಗಿದರೆ ಅರವತ್ನಾಲ್ಕು ಗ್ರಾಂ ಬಿಳಿ ಪುಡಿ.

"ಹೋದ ಮೂವತ್ತಾರು ಗ್ರಾಂ ಇದೆಯಲ್ಲ, ಅದೇ ನೀರು ಕಣಮ್ಮ" ಎಂದರು.

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಪರಮೇಶ್ವರಪ್ಪ ಏದುಸಿರು ಬಿಡುತ್ತ ಬಂದರು. ಹರಿಹರದ ಶಾಲೆಯ ತಪಾಸಣೆ ಮುಗಿಸಿ ಇನ್ಸ್‌ಪೆಕ್ಟರು ಮೂರು ಗಂಟೆಯ ರೈಲಿಗೆ ಬರುವವರಿದ್ದರು. ವಾಮದೇವಪ್ಪನವರನ್ನು ಕಾಯಂ ಮಾಡಬೇಕಾದವರೂ ಅವರೇ.

"ರಿಜಿಸ್ಟರಿನಾಗೆ ನೂರು ಗ್ರಾಂ ಅಂತೈತೆ. ಉಳಿದಿದ್ದು ಎಲ್ಲಿ ಹೋತ್ರಿ?" ಎಂದರು ತಕ್ಕಡಿಯತ್ತ ನೋಡಿ.

"ಗಾಳಿಗೆ ಹೋತು ಸಾರ್."

"ಹಂಗಂತ ಬರ್ಕೊಡ್ತೀರೇನು?"

ಡ್ರಾಯಿಂಗ್ ಮೇಷ್ಟ್ರು ಬಕ್ಕೇಶಪ್ಪ ಬಾಗಿಲಲ್ಲೇ ನಿಂತು ಹೇಳಿದರು, "ಹದಡಿಯಾಗೆ ನಿಮ್ಮ ಮಾವಂದು ಎಲೆಬಳ್ಳಿ ತೋಟ ಐತಲ್ರಿ. ಔಷಧಿ ಹೊಡೆಯೋಕೆ ಮೈಲುತುತ್ತು ಒಯ್ದ್ರು ಅಂತಾರೆ ನೋಡ್ರಿ."

ವಾಮದೇವಪ್ಪನವರಿಗೆ ಕಂಡದ್ದು ಒಂದೇ ದಾರಿ: ಹೋದ ನೀರನ್ನು ವಾಪಸ್ ಹಾಕುವುದು. ಒಂದು ಗ್ರಾಂ ನೀರೆಂದರೆ ಒಂದು ಸಿ.ಸಿ. ಅಳತೆ ಜಾಡಿಗೆ ನೀರು ಬಿಟ್ಟರು. ನಿಂತು ನೋಡಿದ ಹೆಡ್‌ಮೇಷ್ಟ್ರು "ಮೂವತ್ತೇಳು" ಎಂದರು. ಕುಕ್ಕರುಗಾಲಲ್ಲಿ ಕೂತ ಬಕ್ಕೇಶಪ್ಪ "ಮೂವತ್ತೈದು" ಎಂದರು.

"ಕಣ್ಣು ನೀರಿನ ಮಟ್ಟಕ್ಕೇ ಇರಬೇಕ್ರಿ. ನಡುವಿನ ತಗ್ಗು ನೋಡ್ರಿ, ಅಂಚಲ್ಲ" ಎಂದರು ವಾಮದೇವಪ್ಪ.

ಮೂವರೂ ಮೇಜಿಗೆ ಗಲ್ಲ ಆನಿಸಿ, ಗೋದಲಿ ಮುಂದಿನ ಎತ್ತುಗಳಂತೆ ಸಾಲಾಗಿ ನೋಡಿದರು. ಮೂವತ್ತಾರೇ ಇತ್ತು.

ನೀರು ಬಿದ್ದದ್ದೇ ಪುಡಿ ಚುಸ್ ಎಂದಿತು, ಬಟ್ಟಲು ಬಿಸಿಯಾಯಿತು, ಎಲ್ಲಿಂದಲೋ ನೀಲಿ ಮರಳಿ ಬಂತು. ಹೆಡ್‌ಮೇಷ್ಟ್ರು ಬಾಯಿ ತೆರೆದು ನಿಂತರು. ತೂಗಿದರೆ ತೊಂಬತ್ತೆಂಟು, ಎರಡು ಗ್ರಾಂ ಹಬೆಯಾಗಿ ಹೋಗಿತ್ತು. ಇನ್ನೆರಡು ಸಿ.ಸಿ. ಹನಿಸಿ, ಅರೆದು, ಬಾಟಲಿಗೆ ತುಂಬಿ ಬಿರಡೆ ಹಾಕುವಾಗ ಇನ್ಸ್‌ಪೆಕ್ಟರು ಒಳಗೆ ಬಂದರು.

ತೂಕ ಸರಿಯಾಗಿ ನೂರು. ಸಹಿಗೆಂದು ಪೆನ್ನು ತೆಗೆದ ಇನ್ಸ್‌ಪೆಕ್ಟರು ಬಾಟಲಿ ಮುಟ್ಟಿ, "ಇದ್ಯಾಕ್ರಿ ಬೆಚ್ಚಗಿದೆ?" ಎಂದರು.

ಹೆಡ್‌ಮೇಷ್ಟ್ರು ಕಣ್ಣಲ್ಲೇ ಬ್ಯಾಡ ಅಂದರು. ಆದರೆ ಕೇಳಿದ್ದು ಪ್ರಶ್ನೆ. ವಾಮದೇವಪ್ಪನವರ ಮುಖ ಅರಳಿತು. ಕಾಯಿಸಿದ್ದು, ತೂಗಿದ್ದು, ನೀರು ಸೇರಿಸಿದ್ದು ಎಲ್ಲವನ್ನೂ ಹೇಳಿಬಿಟ್ಟರು.

ಇನ್ಸ್‌ಪೆಕ್ಟರು ಕುತೂಹಲದಿಂದ ಕೇಳಿಸಿಕೊಂಡರು. "ಹಾಗಾದ್ರೆ ಅಂಗಡಿಯಿಂದ ನೀವು ತಂದಾಗಲೂ ಇದರಲ್ಲಿ ಮೂವತ್ತಾರು ಗ್ರಾಂ ನೀರೇ ಇತ್ತು?"

"ಹೌದು ಸಾರ್. ನಾನೇ ನಿಂತು ತೂಗಿಸಿಕೊಂಡು ಬಂದೀನಿ."

ಇನ್ಸ್‌ಪೆಕ್ಟರು ತಲೆದೂಗಿ ಬರೆದರು: "ನೂರು ಗ್ರಾಂ ಮೈಲುತುತ್ತಿನ ಹಣದಲ್ಲಿ ಮೂವತ್ತಾರು ಗ್ರಾಂ ನೀರು ಖರೀದಿಸಲಾಗಿದೆ. ಮೇಷ್ಟ್ರು ಪ್ರಯೋಗದ ಮೂಲಕ ಒಪ್ಪಿಕೊಂಡಿದ್ದಾರೆ. ಸಮಜಾಯಿಷಿ ಬರುವವರೆಗೆ ಕಾಯಂ ಮಾಡತಕ್ಕದ್ದಲ್ಲ."